ಹಡಗು ತಡವಾಗಿ ಮಾತು ಕೇಳ್ತದೆ: ಡೆಕ್ಕಿಗೆ ಹೊಸದಾಗಿ ಹೋಗೋರಿಗೆ

ರಜೆಗೆ ಊರಿಗೆ ಬಂದಾಗೆಲ್ಲ ಒಬ್ಬಿಬ್ಬರು ಹುಡುಗ್ರು ಮನೆಗೆ ಬರ್ತಾರೆ, ಡೆಕ್ ಕೆಡೆಟ್ (ತರಬೇತಿಯಲ್ಲಿರೋ ಆಫೀಸರ್) ಆಗಿ ಜಾಯಿನ್ ಆಗ್ಲಿಕ್ಕುಂಟು ಅಂತ ಕೆಲವರು, ಜಿಪಿ ರೇಟಿಂಗ್ ಅನ್ನೋ ಖಲಾಸಿ ತರಬೇತಿ ಮುಗ್ಸಿ ಮೊದಲ ಹಡಗು ಕಾಯ್ತಾ ಇದ್ದೇನೆ ಅಂತ ಕೆಲವರು, ಹತ್ತೋ ಮೊದಲು ಏನು ಕಲ್ತ್ಕೊಂಡಿರ್ಬೇಕು ಅಂತ ಕೇಳ್ತಾರೆ. ಜಗಲಿಯಲ್ಲಿ ಕೂತು ಹೇಳಿದ್ದನ್ನೇ ಹೇಳಿ ಹೇಳಿ, ಒಂದ್ಸಲ ಸರಿಯಾಗಿ ಬರ್ದಿಡುವಾ ಅಂತ ಕೂತಿದ್ದೇನೆ. ಸಿಡಿಸಿ, ಇಂಡೋಸ್ ನಂಬರ್ ಅನ್ನೋ ನಾವಿಕರ ದಾಖಲೆಗಳು, ಐಎಂಯು ಪ್ರವೇಶ ಪರೀಕ್ಷೆ, ಸಂಬಳ ಎಷ್ಟು, ಇದ್ಯಾವುದೂ ಇಲ್ಲಿಲ್ಲ, ಅದನ್ನು ಹೇಳೋರು ಬೇಕಾದಷ್ಟು ಜನ ಇದ್ದಾರೆ. ಇದು ಗ್ಯಾಂಗ್‌ವೇ ಹತ್ತಿ ಒಳಗೆ ಹೋದ ಮೇಲಿನ ಮಾತು, ಹಡಗನ್ನೂ ಅದರಲ್ಲಿರೋ ಜನರನ್ನೂ ಕ್ಷೇಮವಾಗಿ ಇಟ್ಕೊಳ್ಳೋ ಕೆಲಸದ ಅ ಆ ಇ ಈ.

ಮೊದಲು ತಲೆಯಲ್ಲಿ ಕೂರ್ಬೇಕಾದ್ದು ಒಂದೇ ಸಂಗತಿ, ಹಡಗು ತಡವಾಗಿ ಮಾತು ಕೇಳ್ತದೆ. ಬೈಕಲ್ಲಿ ಹೋಗುವಾಗ ದನ ಅಡ್ಡ ಬಂದ್ರೆ ಬ್ರೇಕ್ ಹಾಕ್ತೇವೆ, ನಿಲ್ತದೆ. ಹಡಗಿಗೆ ಬ್ರೇಕೇ ಇಲ್ಲ. ಇರೋದು ಇಂಜಿನ್ ಉಲ್ಟಾ ತಿರುಗಿಸೋದು ಮಾತ್ರ. ಪೂರ್ತಿ ಸ್ಪೀಡಲ್ಲಿ ಹೋಗ್ತಿರೋ ಹಡಗಿಗೆ ಫುಲ್ ಅಸ್ಟರ್ನ್ ಕೊಟ್ರೆ ಅದು ತನ್ನ ಉದ್ದದ 15 ಪಟ್ಟು ದೂರದೊಳಗೆ ನಿಲ್ಬೇಕು ಅಂತ ಐಎಂಒ, ಅಂದ್ರೆ ಅಂತಾರಾಷ್ಟ್ರೀಯ ಕಡಲ ಸಂಸ್ಥೆಯ 2002ರ ಮಾನದಂಡ ಹೇಳ್ತದೆ, ತುಂಬಾ ದೊಡ್ಡ ಹಡಗಾದ್ರೆ 20 ಪಟ್ಟಿನವರೆಗೂ ಬಿಡ್ತಾರೆ. ಅಂದ್ರೆ 200 ಮೀಟರ್ ಉದ್ದದ ಸಾಧಾರಣ ಹಡಗಿಗೆ 3 ಕಿಲೋಮೀಟರ್! ನಿಯಮದ ಪ್ರಕಾರ ಪಾಸಾದ ಹಡಗೇ ಮೂರು ಕಿಲೋಮೀಟರ್ ಜಾರ್ಕೊಂಡು ಹೋಗಿ ನಿಲ್ಲಬಹುದು. ಚುಕ್ಕಾಣಿ ಪೂರ್ತಿ ತಿರುಗಿಸಿದ್ರೂ ತಕ್ಷಣ ತಿರುಗೋದಿಲ್ಲ, ಇದ್ದ ದಿಕ್ಕಲ್ಲೇ ನಾಲ್ಕು ಉದ್ದದಷ್ಟು ಮುಂದೆ ಹೋಗ್ತಾ ಹೋಗ್ತಾ ತಿರುಗ್ತದೆ. ಈ ಲೆಕ್ಕ ಎಲ್ಲ ಬ್ರಿಡ್ಜಿನ, ಅಂದ್ರೆ ಹಡಗು ನಡೆಸೋ ಕೋಣೆಯ, ಗೋಡೆ ಮೇಲೆ ವೀಲ್‌ಹೌಸ್ ಪೋಸ್ಟರ್ ಅಂತ ಒಂದು ದೊಡ್ಡ ಶೀಟಲ್ಲಿ ಇರ್ತದೆ. ಹಡಗು ಹತ್ತಿದ ಮೊದಲ ವಾರ ಅದರ ಎದುರು ನಿಂತು ನಿಮ್ಮ ಹಡಗು ಖಾಲಿ ಇದ್ದಾಗ ಎಷ್ಟು ದೂರಕ್ಕೆ ನಿಲ್ತದೆ, ಲೋಡ್ ಆದಾಗ ಎಷ್ಟು ದೂರಕ್ಕೆ, ಬಲಕ್ಕೆ ಪೂರ್ತಿ ತಿರುಗಲಿಕ್ಕೆ ಎಷ್ಟು ಜಾಗ ಬೇಕು ಇದಿಷ್ಟನ್ನು ಪುಸ್ತಕದಲ್ಲಿ ಬರ್ಕೊಳ್ಳಿ. ಈ ಮೂರು ಸಂಖ್ಯೆ ಬಾಯಿಗೆ ಬಂದ್ರೆ ಉಳಿದದ್ದು ಯಾಕೆ ಹಾಗೆ ಮಾಡ್ತಾರೆ ಅಂತ ತಾನಾಗಿ ಅರ್ಥ ಆಗ್ತದೆ.

ಇನ್ನೊಂದು ಸಣ್ಣ ಲೆಕ್ಕ ಕಲೀರಿ, ಜೀವನಪೂರ್ತಿ ಕೆಲಸಕ್ಕೆ ಬರ್ತದೆ. ನಾಟಿಕಲ್ ಮೈಲಿ ಅಂದ್ರೆ 1,852 ಮೀಟರ್, ಗಂಟೆಗೆ ಅಷ್ಟು ಹೋದ್ರೆ 1 ನಾಟ್. 6 ನಿಮಿಷ ಅಂದ್ರೆ ಗಂಟೆಯ ಹತ್ತನೇ ಒಂದು ಭಾಗ, ಹಾಗಾಗಿ 12 ನಾಟ್ ಸ್ಪೀಡಿದ್ರೆ 6 ನಿಮಿಷಕ್ಕೆ 1.2 ಮೈಲಿ, ಚುಕ್ಕಿ ಒಂದು ಮನೆ ಎಡಕ್ಕೆ ತಂದ್ರೆ ಮುಗೀತು. ಈಗ ನೀವು 14 ನಾಟಲ್ಲಿ ಹೋಗ್ತಾ ಇದ್ದೀರಿ, ಎದುರಿಂದ 16 ನಾಟಲ್ಲಿ ಒಂದು ಹಡಗು ಬರ್ತಾ ಉಂಟು, ಮಧ್ಯ 6 ಮೈಲಿ ಅಂತರ. ಇಬ್ಬರದ್ದೂ ಸೇರಿ 30 ನಾಟ್, 6 ನಿಮಿಷಕ್ಕೆ 3 ಮೈಲಿ ಕರಗ್ತದೆ, ಅಂದ್ರೆ ನಿಮ್ಮ ಹತ್ರ ಇರೋದು ಬರೀ 12 ನಿಮಿಷ. ಅಷ್ಟು ದೂರದಲ್ಲಿ ಅದು ಒಂದು ಸಣ್ಣ ದೀಪ ಅಷ್ಟೇ, ಏನೂ ಅವಸರ ಇಲ್ಲ ಅನ್ನಿಸ್ತದೆ, ಆದ್ರೆ ಒಂದು ಚಹಾ ಮಾಡಿ ಕುಡಿದು ಬರೋವಷ್ಟರಲ್ಲಿ ಆ 12 ನಿಮಿಷ ಮುಗ್ದಿರ್ತದೆ.

ಚುಕ್ಕಾಣಿ ಹಿಡಿಯೋದು

ಎಡಕ್ಕೆ ಪೋರ್ಟ್, ಬಲಕ್ಕೆ ಸ್ಟಾರ್‌ಬೋರ್ಡ್, ಇದು ನೀವು ಹಡಗಿನ ಮೂತಿ ಕಡೆ ಮುಖ ಮಾಡಿ ನಿಂತಾಗಿನ ಲೆಕ್ಕ, ಹಿಂದೆ ತಿರುಗಿ ನಿಂತ್ರೂ ಅದು ಬದಲಾಗೋದಿಲ್ಲ. ಆರ್ಡರ್ ಕೊಟ್ರೆ ಅದೇ ಶಬ್ದದಲ್ಲಿ ಗಟ್ಟಿಯಾಗಿ ವಾಪಸ್ ಹೇಳ್ಬೇಕು, 'ಸ್ಟಾರ್‌ಬೋರ್ಡ್ ಟೆನ್' ಅಂದ್ರೆ ನೀವೂ 'ಸ್ಟಾರ್‌ಬೋರ್ಡ್ ಟೆನ್' ಅನ್ಬೇಕು, ವೀಲ್ ತಿರುಗಿಸ್ಬೇಕು, ಎದುರಿಗಿರೋ ರಡರ್ (ಹಿಂದೆ ನೀರೊಳಗೆ ತಿರುಗೋ ಹಲಗೆ) ಮುಳ್ಳು ಹತ್ತಕ್ಕೆ ಬಂದದ್ದು ನೋಡಿ ಆಮೇಲೆ 'ವೀಲ್ ಈಸ್ ಸ್ಟಾರ್‌ಬೋರ್ಡ್ ಟೆನ್' ಅಂತ ಇನ್ನೊಮ್ಮೆ ಹೇಳ್ಬೇಕು. ಸುಮ್ನೆ ಓಕೆ ಸರ್ ಅನ್ನೋದು, ತಲೆ ಆಡಿಸೋದು ಬೇಡ. ಎರಡು ಸಲ ಹೇಳೋದು ನಾಟಕ ಅಲ್ಲ. ನೀವು ತಪ್ಪು ಕೇಳಿಸ್ಕೊಂಡಿದ್ರೂ, ಕೊಟ್ಟವರೇ ತಪ್ಪು ಹೇಳಿದ್ರೂ, ಹಡಗು ತಿರುಗಲಿಕ್ಕೆ ಶುರು ಮಾಡೋ ಮೊದಲೇ ಗೊತ್ತಾಗ್ಲಿಕ್ಕೆ ಇರೋ ದಾರಿ ಅದೊಂದೇ.

ನಾನು ಮೊದಲ ಸಲ ಕೈಯಲ್ಲಿ ಸ್ಟಿಯರ್ ಮಾಡಿದಾಗ ಮೂತಿ ಸ್ವಲ್ಪ ಬಲಕ್ಕೆ ಹೋಯ್ತು ಅಂತ ಎಡಕ್ಕೆ ತಿರುಗಿಸಿದೆ, ಏನೂ ಆಗ್ಲಿಲ್ಲ, ಇನ್ನೂ ತಿರುಗಿಸಿದೆ, ಆಗ್ಲೂ ಇಲ್ಲ, ಆಮೇಲೆ ಒಮ್ಮೆಗೇ ಎಡಕ್ಕೆ ಬರ್ಲಿಕ್ಕೆ ಶುರುವಾಗಿ ಕೋರ್ಸ್ ದಾಟಿ ಆಚೆ ಹೋಯ್ತು, ಗಾಬರಿಯಲ್ಲಿ ಬಲಕ್ಕೆ ಎಳೆದೆ. ಬಾಗಿಲು ತೆಗೆದು ಹಿಂದೆ ನೋಡಿದ್ರೆ ನೀರಲ್ಲಿ ನಮ್ಮ ದಾರಿ ಹಾವು ಹೋದ ಹಾಗೆ ಡೊಂಕು ಡೊಂಕು. ಪಕ್ಕದಲ್ಲಿದ್ದ ಸುಕಾನಿ, ಮೂವತ್ತು ವರ್ಷ ಚಕ್ರ ಹಿಡಿದವರು, ಹೇಳಿದ್ದು ಇಷ್ಟೇ: ಮುಳ್ಳು ನೋಡ್ಬೇಡ, ಮೂತಿ ಯಾವ ಕಡೆ ಎಷ್ಟು ಜೋರಾಗಿ ಓಡ್ತಾ ಉಂಟು ಅದನ್ನು ನೋಡು, ಕೋರ್ಸ್ ಬರ್ಲಿಕ್ಕೆ ಇನ್ನೂ ಹತ್ತು ಡಿಗ್ರಿ ಇರುವಾಗ್ಲೇ ವೀಲ್ ನಡುವಿಗೆ ತಂದು ಸ್ವಲ್ಪ ಆಚೆ ಕೊಡು. ತಿರುಗಿಸೋದು ಸುಲಭ, ತಿರುಗ್ತಾ ಇರೋದನ್ನು ನಿಲ್ಸೋದು ಕಲೀಬೇಕು. ಒಂದು ವಾರದಲ್ಲಿ ನನ್ನ ದಾರಿ ನೆಟ್ಟಗಾಯ್ತು.

ಮತ್ತೆ ಹಡಗು ಕಾರಿನ ಹಾಗೆ ಮುಂದಿನ ಚಕ್ರದಿಂದ ತಿರುಗೋದಲ್ಲ, ರಡರ್ ಇರೋದು ಹಿಂದೆ, ಹಿಂಭಾಗವನ್ನೇ ಆಚೆ ತಳ್ಳಿ ತಿರುಗ್ತದೆ. ಮುಂದಕ್ಕೆ ಹೋಗುವಾಗ ಅದು ತಿರುಗೋ ಬಿಂದು ಮೂತಿಯಿಂದ ಹೆಚ್ಚುಕಡಿಮೆ ಕಾಲು ಭಾಗ ಹಿಂದೆ ಇರ್ತದೆ, ಹಾಗಾಗಿ ನೀವು ಬಲಕ್ಕೆ ತಿರುಗಿಸಿದ್ರೆ ಹಿಂದಿನ ಉದ್ದ ಭಾಗ ಎಲ್ಲ ಎಡಕ್ಕೆ ಬೀಸ್ತದೆ. ಎಡಗಡೆ ಹತ್ತಿರದಲ್ಲಿ ದೋಣಿಯೋ ನೀರಲ್ಲಿ ತೇಲೋ ಗುರುತಿನ ಬೋಯೋ ಇದ್ರೆ ಮೂತಿ ತಪ್ಪಿಸ್ಕೊಂಡ್ರೂ ಹಿಂಭಾಗ ಬಂದು ಹೊಡೀತದೆ.

ಕಣ್ಣು

ಡಿಕ್ಕಿ ತಪ್ಪಿಸೋ ನಿಯಮಗಳು, ನಾವು ಕಾಲ್‌ರೆಗ್ಸ್ ಅಂತೇವೆ, 1972ರಲ್ಲಿ ಮಾಡಿದ್ದು, 1977ರಿಂದ ಜಾರಿಯಲ್ಲಿ ಉಂಟು. ಪರೀಕ್ಷೆಗೆ ಎಲ್ಲ ಬಾಯಿಪಾಠ ಮಾಡ್ಸ್ತಾರೆ, ಮಾಡಿ, ಬೇಕದು. ಆದ್ರೆ ಐದನೇ ನಿಯಮ ಸರಿಯಾಗಿ ಪಾಲಿಸಿದವನಿಗೆ ಮಾತ್ರ ಉಳಿದದ್ದೆಲ್ಲ ಉಪಯೋಗಕ್ಕೆ ಬರೋದು. ಅದು ಲುಕೌಟ್: ಕಣ್ಣಿಂದ, ಕಿವಿಯಿಂದ, ಇರೋ ಎಲ್ಲ ಸಾಧನದಿಂದ, ಎಲ್ಲ ಹೊತ್ತಲ್ಲೂ.

ನಮ್ಮ ಕರಾವಳಿಯವರಿಗೆ ಇದು ಮನೆ ಬಾಗಿಲ ವಿಷಯ. 2021ರ ಏಪ್ರಿಲಲ್ಲಿ ಮಂಗಳೂರಿಂದ ಸುಮಾರು 43 ನಾಟಿಕಲ್ ಮೈಲಿ ಆಚೆ, ರಾತ್ರಿ ಹೊತ್ತು, ಬೇಪೂರಿನ ರಬಾಹ್ ಅನ್ನೋ ಮೀನುಗಾರಿಕೆ ಬೋಟಿಗೂ ಒಂದು ಕಂಟೇನರ್ ಹಡಗಿಗೂ ಡಿಕ್ಕಿಯಾಯ್ತು. ಬೋಟಲ್ಲಿ 14 ಜನ ಇದ್ರು, ಜೀವಸಹಿತ ಸಿಕ್ಕಿದ್ದು ಇಬ್ಬರು. ಆ ಸುದ್ದಿ ಓದಿದಾಗ ನಾನು ಹಡಗಲ್ಲಿದ್ದೆ, ರಾತ್ರಿ 12ರಿಂದ 4ರ ವಾಚ್ (ಕಾವಲಿನ ಪಾಳಿ) ನಂದು, ಅವತ್ತು ವಾಚಿಗೆ ಹೋದಾಗ ಕಿಟಕಿಯಿಂದ ಕಣ್ಣು ತೆಗೀಲಿಕ್ಕೆ ಮನಸ್ಸಾಗ್ಲಿಲ್ಲ. ನಮ್ಮ ಮನೆ ಪಕ್ಕದವರೇ ಮೀನಿಗೆ ಹೋಗೋರು.

ಸೆಪ್ಟೆಂಬರಿಂದ ಆಚೆ ಕಾರವಾರದಿಂದ ಕೆಳಗೆ ಕರಾವಳಿ ಉದ್ದಕ್ಕೂ ರಾತ್ರಿ ಬಂದವರಿಗೆ ಗೊತ್ತು, ದಿಗಂತ ಪೂರ್ತಿ ದೀಪ, ಜಾತ್ರೆ ಗದ್ದೆಯ ಹಾಗೆ. ನಿಯಮ ಪ್ರಕಾರ ಟ್ರಾಲ್ ಎಳೆಯೋ ಬೋಟಿಗೆ ಮೇಲೆ ಹಸಿರು ಕೆಳಗೆ ಬಿಳಿ ದೀಪ, ಬೇರೆ ರೀತಿ ಮೀನು ಹಿಡಿಯೋರಿಗೆ ಮೇಲೆ ಕೆಂಪು ಕೆಳಗೆ ಬಿಳಿ. ಸಮುದ್ರದಲ್ಲಿ ನಿಮಗೆ ಸಿಗೋದು ಬಿಳಿ ಎಲ್‌ಇಡಿ, ನೀಲಿ, ಮಿಣುಕೋದು, ಕೆಲವಕ್ಕೆ ದೀಪವೇ ಇಲ್ಲ. ಹಡಗಿನ ಹೆಸರು, ಜಾಗ ತಾನಾಗಿ ರೇಡಿಯೋದಲ್ಲಿ ಕಳಿಸೋ ಎಐಎಸ್ ಇಲ್ಲದ ಬೋಟು ಎಐಎಸ್ ಸ್ಕ್ರೀನಲ್ಲಿ ಇಲ್ವೇ ಇಲ್ಲ, ಮರದ ಅಥವಾ ಫೈಬರ್ ದೋಣಿ ರೇಡಾರಲ್ಲೂ ಅಲೆಯ ಗದ್ದಲದಲ್ಲಿ ಮುಚ್ಚಿ ಹೋಗ್ತದೆ. ಹಾಗಾಗಿ ಕಣ್ಣೇ ಬೇಕು. ವಾಚಿಗೆ ಹತ್ತು ಹದಿನೈದು ನಿಮಿಷ ಮೊದಲೇ ಬ್ರಿಡ್ಜಿಗೆ ಬಂದು ಕತ್ತಲಲ್ಲಿ ನಿಂತು ಕಣ್ಣು ಹೊಂದಿಸ್ಕೊಳ್ಳಿ, ಪೂರ್ತಿ ಹೊಂದಲಿಕ್ಕೆ ಅರ್ಧ ಗಂಟೆ ಬೇಕಾಗ್ತದೆ. ಫೋನನ್ನು ಕ್ಯಾಬಿನಲ್ಲೇ ಬಿಟ್ಟು ಬನ್ನಿ, ಒಂದ್ಸಲ ಆ ಸ್ಕ್ರೀನ್ ನೋಡಿದ್ರೆ ಹೊಂದಿದ ಕಣ್ಣು ವಾಪಸ್ ಸೊನ್ನೆಗೆ.

ದೀಪ ಕಂಡ ಮೇಲೆ ಮಾಡೋದೇನು? ಬೇರಿಂಗ್ ತಗೊಳ್ಳೋದು. ಕಂಪಾಸಲ್ಲಿ ಆ ದೀಪ ಯಾವ ದಿಕ್ಕಿಗುಂಟು ಅಂತ ಓದಿ ಬರ್ಕೊಳ್ಳಿ, ಎರಡು ಮೂರು ನಿಮಿಷ ಬಿಟ್ಟು ಇನ್ನೊಮ್ಮೆ, ಮತ್ತೊಮ್ಮೆ. ದಿಕ್ಕು ಬದಲಾಗದೆ ಹತ್ತಿರ ಬರ್ತಾ ಇದ್ರೆ ಡಿಕ್ಕಿ ಖಚಿತ ಅಂತಲೇ ತಿಳ್ಕೊಳ್ಳಿ. ಹೊಸದ್ರಲ್ಲಿ ನಂಗೆ ಇದು ವಿಚಿತ್ರ ಅನ್ನಿಸ್ತಿತ್ತು, ಯಾಕಂದ್ರೆ ಕಿಟಕಿಯಲ್ಲಿ ಅಲ್ಲಾಡದೆ ಒಂದೇ ಕಡೆ ನಿಂತಿರೋ ದೀಪವೇ ಅಪಾಯ, ಓಡ್ತಾ ಇರೋ ದೀಪ ಅಲ್ಲ. ದೊಡ್ಡ ಹಡಗೋ, ಹಿಂದೆ ಏನಾದ್ರೂ ಕಟ್ಟಿ ಎಳೀತಿರೋ ಟಗ್ಗೋ ಆದ್ರೆ ದಿಕ್ಕು ಸ್ವಲ್ಪ ಬದಲಾದ್ರೂ ನಂಬ್ಬೇಡಿ.

ಯಾರು ದಾರಿ ಬಿಡ್ಬೇಕು ಅನ್ನೋದಕ್ಕೆ ಸುಲಭದ ನೆನಪು: ಹಡಗಿನ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ನಿಮ್ಮ ಬಲಗಡೆಯಿಂದ ಅಡ್ಡ ಬರ್ತಿರೋ ಹಡಗಿನ ಕೆಂಪು ನಿಮಗೆ ಕಾಣ್ತದೆ, ಕೆಂಪು ಕಂಡ್ರೆ ನೀವೇ ದಾರಿ ಬಿಡೋರು, ಅದರ ಮುಂದಿಂದ ನುಗ್ಗದೆ ಬಲಕ್ಕೆ ತಿರುಗಿ ಹಿಂದಿಂದ ಹೋಗಿ. ಎದುರುಬದುರು ಬಂದ್ರೆ ಇಬ್ಬರೂ ಬಲಕ್ಕೆ. ಹಿಂದಿಂದ ದಾಟೋನು ಮುಂದಿದ್ದವನಿಗೆ ತೊಂದ್ರೆ ಕೊಡಬಾರ್ದು. ಮೀನು ಹಿಡೀತಾ ಇರೋ ಬೋಟಿಗೆ ಇಂಜಿನ್ ಹಡಗು ದಾರಿ ಬಿಡ್ಬೇಕು. ಮಂಜು ಮಳೆಯಲ್ಲಿ ಏನೂ ಕಾಣದಿದ್ದಾಗ ಈ ಹಕ್ಕಿನ ಲೆಕ್ಕ ಯಾವುದೂ ಇಲ್ಲ, ಇಬ್ಬರೂ ಸ್ಪೀಡ್ ಇಳಿಸಿ ಹುಷಾರಾಗಿರ್ಬೇಕು, ಎರಡು ನಿಮಿಷದೊಳಗೆ ಒಮ್ಮೆ ಉದ್ದ ಹಾರ್ನ್. ನಮ್ಮ ಮುಂಗಾರು ಮಳೆ ಬಿದ್ದಾಗ ಕೆಲವು ಸಲ ನಮ್ಮ ಹಡಗಿನ ಮೂತಿಯೇ ಬ್ರಿಡ್ಜಿಂದ ಕಾಣೋದಿಲ್ಲ.

ತಿರುಗೋದಾದ್ರೆ ದೊಡ್ಡದಾಗಿ, ಬೇಗ ತಿರುಗಿ. ಐದು ಡಿಗ್ರಿ, ಆಮೇಲೆ ಇನ್ನೈದು, ಹೀಗೆ ಕದ್ದು ಕದ್ದು ತಿರುಗಿದ್ರೆ ಎದುರಿನವನಿಗೆ ನೀವು ತಿರುಗಿದ್ದೇ ಗೊತ್ತಾಗೋದಿಲ್ಲ. ಮೂವತ್ತು ಡಿಗ್ರಿ ತಿರುಗಿದ್ರೆ ನಿಮ್ಮ ದೀಪದ ಬಣ್ಣವೇ ಬದಲಾಗಿ ಅವನಿಗೆ ಸಮಾಧಾನ ಆಗ್ತದೆ. ಒಂದು ಸಣ್ಣ ಹಾರ್ನ್ ಅಂದ್ರೆ ನಾನು ಬಲಕ್ಕೆ ತಿರುಗ್ತಾ ಇದ್ದೇನೆ, ಎರಡು ಅಂದ್ರೆ ಎಡಕ್ಕೆ, ಮೂರು ಅಂದ್ರೆ ಇಂಜಿನ್ ಹಿಂದಕ್ಕೆ ಕೊಟ್ಟಿದ್ದೇನೆ, ಐದು ಅಂದ್ರೆ ನೀನು ಏನು ಮಾಡ್ತಿದ್ದೀ ಅಂತ ನಂಗೆ ಅರ್ಥ ಆಗ್ತಿಲ್ಲ. ಆ ಐದನ್ನು ಹೊಡೀಲಿಕ್ಕೆ ಸಂಕೋಚ ಬೇಡ. ವಿಎಚ್‌ಎಫ್ ರೇಡಿಯೋದಲ್ಲಿ ಕರೆದು ಮಾತಾಡಿ ಒಪ್ಪಂದ ಮಾಡ್ಕೊಳ್ಳುವಾ ಅಂತ ಕೂತ್ರೆ, ನೀವು ಕರೆದ ಹಡಗೇ ಉತ್ತರ ಕೊಟ್ಟದ್ದಾ ಬೇರೆಯದಾ ಅಂತ ತಿಳಿಯೋವಷ್ಟರಲ್ಲಿ ಎರಡು ಮೈಲಿ ಮುಗ್ದಿರ್ತದೆ.

ಬೋಟಲ್ಲಿ ಹೋಗೋ ನಮ್ಮವರಿಗೂ ಒಂದು ಮಾತು ಇಲ್ಲೇ ಹೇಳ್ತೇನೆ. ದೊಡ್ಡ ಹಡಗಿನ ಬ್ರಿಡ್ಜಿಂದ ಮೂತಿಯ ಮುಂದಿನ ನೀರು 500 ಮೀಟರ್ ತನಕ ಮರೆಯಾಗಿರಬಹುದು, ನಿಯಮವೇ ಅಷ್ಟಕ್ಕೆ ಬಿಡ್ತದೆ. ನಿಮಗೆ ಹಡಗು ಗುಡ್ಡದ ಹಾಗೆ ಕಾಣ್ತದೆ ಅಂತ ಅವರಿಗೆ ನೀವು ಕಾಣ್ತೀರಿ ಅಂತ ಅರ್ಥ ಅಲ್ಲ. ಬಲೆ ಬಿಟ್ಟು ಎಲ್ಲರೂ ಮಲಗ್ಬೇಡಿ, ಒಬ್ಬರು ಎದ್ದಿರಿ. ರೇಡಾರ್ ರಿಫ್ಲೆಕ್ಟರ್ ಎತ್ತರದಲ್ಲಿ ಕಟ್ಟಿ, ವಿಎಚ್‌ಎಫ್ 16ನೇ ಚಾನೆಲಲ್ಲಿ ಇಡಿ, ಕೋಸ್ಟ್ ಗಾರ್ಡಿನ 1554 ನಂಬರ್ ಕ್ಯಾಬಿನ್ ಗೋಡೆಯಲ್ಲಿ ಬರ್ದಿಡಿ.

ಹಗ್ಗ

ಹೊಸಬರಿಗೆ ಅತಿ ಹೆಚ್ಚು ಹೆದರ್ಬೇಕಾದ ಜಾಗ ಯಾವುದು ಅಂತ ಕೇಳಿದ್ರೆ ನಾನು ಬಿರುಗಾಳಿ ಅನ್ನೋದಿಲ್ಲ, ದಕ್ಕೆಗೆ ಕಟ್ಟುವಾಗಿನ ಮೂರಿಂಗ್ ಡೆಕ್ ಅಂತೇನೆ.

ಹೆಡ್ ಲೈನ್ ಮೂತಿಯಿಂದ ಮುಂದಕ್ಕೆ ಹೋಗ್ತದೆ, ಸ್ಟರ್ನ್ ಲೈನ್ ಹಿಂದಕ್ಕೆ, ಬ್ರೆಸ್ಟ್ ಲೈನ್ ನೇರ ಅಡ್ಡಕ್ಕೆ, ಸ್ಪ್ರಿಂಗ್ ಮೂತಿಯಿಂದ ಹಿಂದಕ್ಕೂ ಹಿಂಭಾಗದಿಂದ ಮುಂದಕ್ಕೂ. ಹಡಗು ಹಿಂದೆ ಮುಂದೆ ಜಾರದ ಹಾಗೆ ಹಿಡಿಯೋದು ಮುಖ್ಯವಾಗಿ ಸ್ಪ್ರಿಂಗ್. ಹೆಸರು ಒಂದು ದಿನಕ್ಕೆ ಕಲೀಬಹುದು, ಎಲ್ಲಿ ನಿಲ್ಬೇಕು ಅನ್ನೋದು ಕಲೀಲಿಕ್ಕೆ ಹೊತ್ತು ಬೇಕು.

ನನ್ನ ಎರಡನೇ ಹಡಗಲ್ಲಿ, ಒಂದು ಬಂದರಲ್ಲಿ, ಹೊರಗಿಂದ ಅಲೆ ಒಳಗೆ ಬರ್ತಿತ್ತು, ಹಡಗು ಉಸಿರಾಡಿದ ಹಾಗೆ ಹಿಂದೆ ಮುಂದೆ ಹೋಗ್ತಿತ್ತು. ನಾನು ಹಿಂದೆ ಸ್ಪ್ರಿಂಗ್ ಹತ್ತಿರ ನಿಂತು ಏಣಿ ಕಡೆ ನೋಡ್ತಿದ್ದೆ. ಹಗ್ಗ ಕಿರ್ ಅಂತ ಸದ್ದು ಮಾಡ್ತಿತ್ತು, ಬಿಗಿಯಾದಾಗೆಲ್ಲ ಎಳೆಗಳ ಮಧ್ಯದಿಂದ ನೀರು ಹಿಂಡಿದ ಹಾಗೆ ಹೊರಗೆ ಬರ್ತಿತ್ತು, ತೋಳಿನಷ್ಟು ದಪ್ಪದ್ದು ಸಣ್ಣಗಾಗಿ ಕಾಣ್ತಿತ್ತು. ನಂಗೆ ಅದು ಏನು ಅಂತ ಗೊತ್ತಿರ್ಲಿಲ್ಲ. ಡೆಕ್ ಕೆಲಸಗಾರರ ಮುಖ್ಯಸ್ಥ ಬೋಸನ್ ಸಾಬ್ ಏನೂ ಹೇಳದೆ ಬಂದು ನನ್ನ ಬಾಯ್ಲರ್ ಸೂಟಿನ ಕಾಲರ್ ಹಿಡಿದು ವಿಂಚಿನ (ಹಗ್ಗ ಎಳೆಯೋ ಯಂತ್ರದ) ಹಿಂದಕ್ಕೆ ಎಳೆದ್ರು. ಪಟಾಕಿ ಅಲ್ಲ, ಬಂದೂಕು ಹೊಡೆದ ಹಾಗೆ ಶಬ್ದ, ಹಗ್ಗ ಹೋಗಿದ್ದು ಕಣ್ಣಿಗೆ ಕಾಣ್ಲೇ ಇಲ್ಲ, ನಾನು ನಿಂತಿದ್ದ ಜಾಗದ ಕಬ್ಬಿಣದ ರೇಲಿಂಗ್ ಒಳಕ್ಕೆ ಬಾಗಿತ್ತು.

ಆ ಸದ್ದು, ಆ ನೀರು, ಆ ಸಣ್ಣಗಾಗೋದು, ಇವೆಲ್ಲ ಹಗ್ಗ ಹೇಳೋ ಮಾತು. ಬಿಗಿಯಾದ ಹಗ್ಗದ ಸಾಲಲ್ಲಿ ನಿಲ್ಬೇಡಿ, ಸುರುಳಿಯ ಒಳಗೆ ಕಾಲಿಡ್ಬೇಡಿ, ಹಗ್ಗ ರೋಲರಿಗೆ ಸುತ್ತಿ ಮೂಲೆ ತಿರುಗಿದ್ರೆ ಆ ಮೂಲೆಯ ಒಳಗಡೆ ಖಂಡಿತ ನಿಲ್ಬೇಡಿ. ಮುಂಚೆ ಹಗ್ಗ ತುಂಡಾದ್ರೆ ಬೀಸೋ ಜಾಗಕ್ಕೆ ಡೆಕ್ಕಲ್ಲಿ ಬಣ್ಣದ ಗುರುತು ಹಾಕ್ತಿದ್ರು, ಈಗ ಹೇಳೋದು ಇಡೀ ಮೂರಿಂಗ್ ಡೆಕ್ಕೇ ಅಪಾಯದ ಜಾಗ ಅಂತ ತಿಳ್ಕೊಳ್ಳಿ ಅಂತ, ನಂಗೂ ಅದೇ ಸರಿ ಕಾಣ್ತದೆ, ಗೆರೆಯ ಆಚೆ ನಿಂತ್ರೆ ಕ್ಷೇಮ ಅನ್ನೋ ಧೈರ್ಯ ಒಳ್ಳೇದಲ್ಲ. 2024ರ ಜನವರಿಯಿಂದ ಹಗ್ಗಗಳ ತಪಾಸಣೆ, ದಾಖಲೆ ಸೋಲಾಸ್ ಅನ್ನೋ ಅಂತಾರಾಷ್ಟ್ರೀಯ ಸುರಕ್ಷತಾ ನಿಯಮದಲ್ಲೇ ಬಂದಿದೆ, ಅದರ ಫೈಲ್ ಚೀಫ್ ಸಾಬ್ (ಚೀಫ್ ಆಫೀಸರ್) ಹತ್ರ ಇರ್ತದೆ, ಕೇಳಿ ನೋಡಿ.

ಬಂದರಿನ ಹತ್ತಿರ ಹಡಗು ಬೇರೆಯೇ ಪ್ರಾಣಿ

ಇದು ಕ್ಯಾಪ್ಟನ್ ಮತ್ತೆ ಬಂದರಿಗೆ ದಾರಿ ತೋರಿಸೋ ಪೈಲಟ್ ಕೆಲಸ, ಆದ್ರೆ ನೀವು ಚುಕ್ಕಾಣಿಯಲ್ಲಿ ನಿಂತಿರ್ತೀರಿ, ನೋಡ್ತಾ ಕಲೀಬೇಕು. ಆಳ ಕಡಿಮೆ ಇರೋ ಕಡೆ ಜೋರಾಗಿ ಹೋದ್ರೆ ಹಡಗು ಕೆಳಕ್ಕೆ ಕೂರ್ತದೆ, ಸ್ಕ್ವಾಟ್ ಅಂತಾರೆ. ತಳದ ಕೆಳಗೆ ನೀರಿಗೆ ಹೋಗ್ಲಿಕ್ಕೆ ಜಾಗ ಸಾಲದೆ ಅದು ವೇಗವಾಗಿ ಹರೀತದೆ, ಒತ್ತಡ ಇಳೀತದೆ, ಹಡಗು ಇಳೀತದೆ. ಅಂದಾಜಿಗೆ ನಾಟಲ್ಲಿರೋ ಸ್ಪೀಡನ್ನು ಸ್ಪೀಡಿಂದಲೇ ಗುಣಿಸಿ, ಹಡಗಿನ ಬ್ಲಾಕ್ ಕೋಎಫಿಷಿಯೆಂಟಿಂದ (ನೀರೊಳಗಿನ ಭಾಗ ಎಷ್ಟು ಪೆಟ್ಟಿಗೆಯಾಕಾರ ಅನ್ನೋ ಸಂಖ್ಯೆ) ಗುಣಿಸಿ, ನೂರರಿಂದ ಭಾಗಿಸಿದ್ರೆ ಮೀಟರಲ್ಲಿ ಬರ್ತದೆ, ಕಿರಿದಾದ ಚಾನೆಲಲ್ಲಿ ಅದರ ಎರಡು ಪಟ್ಟು. ಆ ಸಂಖ್ಯೆ 0.8 ಇರೋ ಬಲ್ಕ್ ಕ್ಯಾರಿಯರ್ (ಅದಿರು, ಕಲ್ಲಿದ್ದಲಿನಂಥ ರಾಶಿ ಸರಕಿನ ಹಡಗು) 10 ನಾಟಲ್ಲಿ ಚಾನೆಲ್ ಒಳಗೆ ಹೋದ್ರೆ 1.6 ಮೀಟರ್ ಕೂರ್ತದೆ, 5 ನಾಟಿಗೆ ಇಳಿಸಿದ್ರೆ ಬರೀ 0.4. ಸ್ಪೀಡ್ ಅರ್ಧ ಮಾಡಿದ್ರೆ ಸ್ಕ್ವಾಟ್ ಕಾಲು ಭಾಗ ಆಗ್ತದೆ, ಇಷ್ಟು ನೆನಪಿದ್ರೆ ಸಾಕು.

ಇಂಜಿನ್ ಹಿಂದಕ್ಕೆ ಕೊಟ್ಟಾಗ ಹಡಗು ನೇರ ಹಿಂದೆ ಬರೋದಿಲ್ಲ. ಬಲಕ್ಕೆ ತಿರುಗೋ ಸಾಮಾನ್ಯ ಪ್ರೊಪೆಲ್ಲರ್ ಇದ್ರೆ ಹಿಂಭಾಗ ಎಡಕ್ಕೆ ಎಳೀತದೆ, ಮೂತಿ ಬಲಕ್ಕೆ ಬೀಳ್ತದೆ. ಅನುಭವಸ್ಥರು ಇದನ್ನೇ ಉಪಯೋಗಿಸ್ಕೊಂಡು ಎಡಗಡೆ ದಕ್ಕೆಗೆ ಸ್ವಲ್ಪ ಓರೆಯಾಗಿ ಬಂದು ಹಿಂದಕ್ಕೆ ಒಂದು ಏಟು ಕೊಟ್ಟು ಹಡಗನ್ನು ಸಮಾಂತರ ಮಾಡಿ ನಿಲ್ಲಿಸ್ತಾರೆ. ಸ್ಪೀಡೇ ಇಲ್ಲದಾಗ ರಡರ್ ಸತ್ತ ಹಾಗೆ, ಆಗ ರಡರ್ ತಿರುಗಿಸಿಟ್ಟು ಇಂಜಿನ್ ಮುಂದಕ್ಕೆ ಒಂದೇ ಕ್ಷಣ ಕೊಟ್ಟು ನಿಲ್ಲಿಸಿದ್ರೆ ಹಡಗು ಮುಂದೆ ಹೋಗದೆ ತಿರುಗ್ತದೆ. ಗಾಳಿ ಎರಡು ಪಟ್ಟಾದ್ರೆ ಅದರ ನೂಕು ನಾಲ್ಕು ಪಟ್ಟಾಗ್ತದೆ, ಹಾಗಾಗಿ ಡೆಕ್ ತುಂಬ ಕಂಟೇನರ್ ಇರೋ ಹಡಗು ಗಾಳಿಗೆ ಹಾಯಿ ಕಟ್ಟಿದ ಹಾಗೆ ಓಡ್ತದೆ.

ನಿಜವಾಗಿ ಹಡಗು ನಡೆಸೋದು ಅಂದ್ರೆ ಏನು ಅಂತ ನೋಡ್ಬೇಕಾದ್ರೆ ಮಂಗಳೂರು ಹಳೇ ಬಂದರಿನ ಅಳಿವೆಬಾಗಿಲ ಹತ್ತಿರ ಒಂದು ಬೆಳಿಗ್ಗೆ ನಿಲ್ಲಿ, ಮೀನುಗಾರಿಕೆ ನಿಷೇಧದ 61 ದಿನ ಮುಗಿದ ಮೇಲೆ, ಆಗಸ್ಟಲ್ಲಿ. ಹೊರಗಿಂದ ಬರೋ ಬೋಟಿನ ತಾಂಡೇಲ ಅಳಿವೆಯ ಹೊರಗೆ ಇಂಜಿನ್ ನಿಧಾನ ಮಾಡಿ ಕಾಯ್ತಾನೆ, ದೊಡ್ಡ ಅಲೆಗಳ ಸಾಲು ಹೋಗ್ಲಿಕ್ಕೆ ಬಿಡ್ತಾನೆ, ಕೊನೇದು ದಾಟಿದ ತಕ್ಷಣ ಅದರ ಬೆನ್ನ ಹಿಂದೆಯೇ ಒಳಗೆ ಬರ್ತಾನೆ, ಅಲೆಗೆ ಬೋಟಿನ ಹೊಟ್ಟೆ ಅಡ್ಡ ತೋರಿಸೋದೇ ಇಲ್ಲ. ಒಳಗೆ ಹೋಗೋದಾ ಬೇಡ್ವಾ ಅಂತ ಅವನು ತೀರ್ಮಾನ ಮಾಡೋದು ಹೊರಗಿರುವಾಗ, ಅಳಿವೆ ಮಧ್ಯದಲ್ಲಿ ಅಲ್ಲ.

ಲಂಗರು

ಲಂಗರು ಹಾಕೋದು ಅಂದ್ರೆ ಕಬ್ಬಿಣ ಕೆಳಗೆ ಬಿಟ್ರೆ ಆಯ್ತು ಅಂತ ಅಲ್ಲ. ಚೈನ್ ಸಮುದ್ರದ ತಳದಲ್ಲಿ ಉದ್ದಕ್ಕೆ ಮಲಗಿ ಲಂಗರನ್ನು ಅಡ್ಡಕ್ಕೆ ಎಳೆದಾಗ ಮಾತ್ರ ಅದು ಕಚ್ಚೋದು, ಮೇಲಕ್ಕೆ ಎಳೆದ್ರೆ ಕಿತ್ತು ಬರ್ತದೆ. ಹಾಗಾಗಿ ಆಳಕ್ಕಿಂತ ಹಲವು ಪಟ್ಟು ಚೈನ್ ಬಿಡ್ತಾರೆ. ಅಳತೆ ಶಾಕಲ್ ಲೆಕ್ಕ, ಒಂದು ಶಾಕಲ್ ಅಂದ್ರೆ 27.5 ಮೀಟರ್. ಮುಂದೆ ನಿಂತವರ ಕೆಲಸ ಚೈನ್ ಯಾವ ದಿಕ್ಕಿಗೆ ಎಳೀತಾ ಉಂಟು, ಬಿಗಿ ಉಂಟಾ ಸಡಿಲ ಉಂಟಾ ಅಂತ ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಬ್ರಿಡ್ಜಿಗೆ ಹೇಳ್ತಾ ಇರೋದು. ಆಮೇಲೆ ಆಂಕರ್ ವಾಚಲ್ಲಿ ಹಡಗು ಜಾರ್ತಾ ಉಂಟಾ ಅಂತ ಜಿಪಿಎಸ್ ವೃತ್ತದ ಜೊತೆ ದಡದ ಎರಡು ಗುರುತಿನ ಬೇರಿಂಗಲ್ಲೂ ನೋಡಿ. ಚೈನ್ ಮೇಲೆ ಕೈ ಇಟ್ರೆ ಗಡಗಡ ನಡುಕ ಸಿಕ್ಕಿದ್ರೆ ತಳದಲ್ಲಿ ಎಳ್ಕೊಂಡು ಹೋಗ್ತಾ ಉಂಟು ಅಂತ, ತಕ್ಷಣ ಕ್ಯಾಪ್ಟನನ್ನು ಎಬ್ಬಿಸಿ.

ಮನುಷ್ಯ ನೀರಿಗೆ ಬಿದ್ರೆ

ಕಂಡವರು ಮಾಡ್ಬೇಕಾದ್ದು: ಯಾವ ಕಡೆ ಅಂತ ಸೇರಿಸಿ ಕೂಗ್ಬೇಕು, 'ಮ್ಯಾನ್ ಓವರ್‌ಬೋರ್ಡ್, ಪೋರ್ಟ್ ಸೈಡ್', ಹತ್ತಿರದ ಲೈಫ್‌ಬಾಯ್ (ತೇಲೋ ಬಳೆ) ಎಸೀಬೇಕು, ಮತ್ತೆ ಕೈ ಅವನ ಕಡೆ ಚಾಚಿ ನಿಂತು ಅವನ ಮೇಲಿಂದ ಕಣ್ಣು ತೆಗೀಬಾರ್ದು. ಅಲೆಗಳ ಮಧ್ಯ ಒಂದು ತಲೆ ತೆಂಗಿನಕಾಯಿಯಷ್ಟು ಕಾಣ್ತದೆ, ಒಂದು ಕ್ಷಣ ಆಚೆ ನೋಡಿದ್ರೆ ಮತ್ತೆ ಸಿಗೋದಿಲ್ಲ. ಓಡಿ ಹೋಗಿ ಯಾರನ್ನೋ ಕರೆಯೋ ಕೆಲಸ ಬೇರೆಯವರು ಮಾಡ್ಲಿ. ಬ್ರಿಡ್ಜಲ್ಲಿ ಅವನು ಬಿದ್ದ ಕಡೆಗೇ ವೀಲ್ ಪೂರ್ತಿ ತಿರುಗಿಸ್ತಾರೆ, ಹಿಂಭಾಗ ಮತ್ತೆ ಪ್ರೊಪೆಲ್ಲರ್ ಅವನಿಂದ ದೂರ ಹೋಗ್ಲಿ ಅಂತ. ಬ್ರಿಡ್ಜ್ ವಿಂಗಿನ ದೊಡ್ಡ ಲೈಫ್‌ಬಾಯ್ ಬಿಡ್ತಾರೆ, ಅದರ ಹೊಗೆ 15 ನಿಮಿಷ, ದೀಪ ಎರಡು ಗಂಟೆ ಇರ್ತದೆ. ಜಿಪಿಎಸಲ್ಲಿ ಎಂಒಬಿ (ಮ್ಯಾನ್ ಓವರ್‌ಬೋರ್ಡ್) ಬಟನ್, ಮೂರು ಉದ್ದ ಹಾರ್ನ್. ರಾತ್ರಿ ಆದ್ರೆ ವಿಲಿಯಮ್ಸನ್ ಟರ್ನ್: ಕೋರ್ಸಿಂದ 60 ಡಿಗ್ರಿ ತಿರುಗಿದ ಮೇಲೆ ವೀಲ್ ಪೂರ್ತಿ ಆಚೆಗೆ, ಮೊದಲಿನದ್ದಕ್ಕೆ ಸರಿಯಾಗಿ ಉಲ್ಟಾ ಇರೋ ಕೋರ್ಸಿಗೆ 20 ಡಿಗ್ರಿ ಬಾಕಿ ಇರುವಾಗ ನಡುವಿಗೆ, ಆಗ ಹಡಗು ಬಂದ ದಾರಿಯಲ್ಲೇ ಉಲ್ಟಾ ಬಂದು ನಿಲ್ತದೆ. ಕಾಗದದ ಮೇಲೆ ನಾಲ್ಕು ಸಲ ಬಿಡಿಸಿ ನೋಡಿ. ಮತ್ತೆ ರೇಲಿಂಗ್ ಹೊರಗೆ ಕೆಲಸ ಅಂದ್ರೆ ಲೈಫ್ ಜಾಕೆಟ್, ಹಾರ್ನೆಸ್ ಎರಡೂ ಇಲ್ಲದೆ ಹೋಗ್ಲೇಬೇಡಿ, ಯಾರು ಎಷ್ಟು ಅವಸರ ಮಾಡಿದ್ರೂ.

ಗಾಳಿ ಇಲ್ಲದ ಕೋಣೆ, ನೀರಾಗೋ ಮಣ್ಣು

ಇವೆರಡೂ ಕಣ್ಣಿಗೆ ಅಪಾಯ ಅಂತ ಕಾಣೋದಿಲ್ಲ. ಮುಚ್ಚಿಟ್ಟ ಟ್ಯಾಂಕ್, ಚೈನ್ ಲಾಕರ್, ಕಲ್ಲಿದ್ದಲು ಅಥವಾ ಮರ ತುಂಬಿದ ಹೋಲ್ಡ್, ಅಲ್ಲಿನ ಗಾಳಿಯ ಆಮ್ಲಜನಕವನ್ನು ತುಕ್ಕು ಮತ್ತೆ ಸರಕು ಸೇರಿ ತಿಂದಿರ್ತದೆ. ಇರ್ಬೇಕಾದ್ದು ಶೇ. 21ರ ಹತ್ತಿರ. ಮೀಟರಲ್ಲಿ ಅಳೆಯದೆ, ಪರ್ಮಿಟ್ ಇಲ್ಲದೆ ಒಳಗೆ ಇಳೀಬೇಡಿ. ಒಳಗೆ ಒಬ್ಬರು ಬಿದ್ದಿದ್ದಾರೆ ಅಂತ ಕಂಡ್ರೂ ಇಳೀಬೇಡಿ, ಅಲಾರಂ ಕೊಡಿ, ಉಸಿರಾಟದ ಸಿಲಿಂಡರ್ ಹಾಕಿದ ತಂಡ ಬರ್ಲಿ. ಗೆಳೆಯನನ್ನು ಎತ್ತಲಿಕ್ಕೆ ಹಾಗೇ ಇಳಿದವರು ಅವನ ಪಕ್ಕದಲ್ಲೇ ಸತ್ತ ಘಟನೆಗಳು ಸಮುದ್ರದಲ್ಲಿ ಮತ್ತೆ ಮತ್ತೆ ಆಗಿವೆ.

ಇನ್ನೊಂದು ನಮ್ಮ ಊರಿನದ್ದೇ ಕಥೆ. 2009ರ ಜುಲೈಯಲ್ಲಿ ನವ ಮಂಗಳೂರು ಬಂದರಿಂದ ಕಬ್ಬಿಣದ ಅದಿರಿನ ಪುಡಿ ತುಂಬಿಸ್ಕೊಂಡು ಹೊರಟ ಏಷಿಯನ್ ಫಾರೆಸ್ಟ್ ಅನ್ನೋ ಹಡಗು ಮಂಗಳೂರಿನ ಹೊರಗೇ ಮುಳುಗಿತು, ಸಿಬ್ಬಂದಿ ಬದುಕಿದ್ರು. ಮಳೆಗಾಲದ ಒದ್ದೆ ಪುಡಿ ನೋಡಲಿಕ್ಕೆ ಮಣ್ಣಿನ ಗುಡ್ಡೆ, ಆದ್ರೆ ಹಡಗಿನ ಕುಲುಕಾಟಕ್ಕೆ ಒಳಗಿನ ನೀರು ಮೇಲೆ ಬಂದು ಇಡೀ ರಾಶಿ ಕೆಸರಿನ ಹಾಗೆ ಒಂದು ಬದಿಗೆ ಹರೀತದೆ, ಹಡಗು ಅದೇ ಬದಿಗೆ ವಾಲ್ತದೆ. ನೀವೇ ಮಾಡಬಹುದಾದ ಪರೀಕ್ಷೆ ಒಂದುಂಟು: ಒಂದು ಡಬ್ಬಿಗೆ ಅರ್ಧ ಅದಿರು ಹಾಕಿ, 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಒಂದೆರಡು ಸೆಕೆಂಡಿಗೊಮ್ಮೆ 25 ಸಲ ಕುಟ್ಟಿ. ಮೇಲೆ ನೀರು ಬಂದ್ರೆ ಅಥವಾ ಪುಡಿ ಹರಿಯೋ ಹಾಗಾದ್ರೆ ಚೀಫ್ ಸಾಬಿಗೆ ಹೇಳಿ, ಲ್ಯಾಬಲ್ಲಿ ಸರಿಯಾಗಿ ಪರೀಕ್ಷೆ ಆಗೋ ತನಕ ಲೋಡಿಂಗ್ ನಿಲ್ಸ್ಬೇಕು. ನೀರು ಬರ್ಲಿಲ್ಲ ಅಂದ್ರೆ ಸರಕು ಸರಿ ಉಂಟು ಅಂತ ಮಾತ್ರ ತಿಳೀಬೇಡಿ, ಡಬ್ಬಿ ಪರೀಕ್ಷೆ ಈ ಸರಕು ಬೇಡ ಅನ್ಲಿಕ್ಕೆ ಸಾಕು, ಆಗ್ತದೆ ಅನ್ಲಿಕ್ಕೆ ಸಾಲದು.

ಮಾತಾಡೋದು, ಮಲಗೋದು

ನಿಮಗೆ 24 ಗಂಟೆಯಲ್ಲಿ 10 ಗಂಟೆ, ವಾರದಲ್ಲಿ 77 ಗಂಟೆ ವಿಶ್ರಾಂತಿ ಸಿಗ್ಬೇಕು, ಇದು ಎಸ್‌ಟಿಸಿಡಬ್ಲ್ಯು ಅನ್ನೋ, ನಾವಿಕರ ತರಬೇತಿ ಮತ್ತೆ ವಾಚಿನ ಅಂತಾರಾಷ್ಟ್ರೀಯ ನಿಯಮ. ಸಿಗದಿದ್ರೆ ಶೀಟಲ್ಲಿ ಸಿಕ್ಕಿದೆ ಅಂತ ಬರೀಬೇಡಿ. ನಿದ್ದೆ ಇಲ್ಲದ ಕಣ್ಣು ತೆರೆದಿದ್ರೂ ನೋಡೋದಿಲ್ಲ. ಮತ್ತೆ ಲುಕೌಟಲ್ಲಿ ಏನು ಕಂಡ್ರೂ ಹೇಳಿ, ಆಫೀಸರಿಗೆ ಗೊತ್ತಿರ್ತದೆ ಅಂತ ಸುಮ್ನಿರ್ಬೇಡಿ. ನಮ್ಮ ಕಡೆ ಹುಡುಗ್ರಿಗೆ ದೊಡ್ಡವರೆದುರು ಮಾತಾಡಬಾರ್ದು ಅಂತ ಕಲಿಸಿರ್ತಾರೆ, ಬ್ರಿಡ್ಜಲ್ಲಿ ಆ ಸಂಕೋಚದಿಂದ ಜೀವ ಹೋಗ್ತದೆ. 'ಸರ್, ಪೋರ್ಟ್ ಬೋ ಕಡೆ ಒಂದು ದೀಪ, ಬೇರಿಂಗ್ ಬದಲಾಗ್ತಿಲ್ಲ', ಇಷ್ಟು ಸಾಕು. ನೋಡಿದ್ದೇನೆ ಅಂತ ಅವರು ಬೈದ್ರೂ ಬೈಸ್ಕೊಳ್ಳಿ, ಮುಂದಿನ ದೀಪ ಕಂಡಾಗ ಮತ್ತೆ ಹೇಳಿ.

ಹೊರಡೋ ಮೊದಲು ಮನೆಯಲ್ಲಿ ಮಾಡಬಹುದಾದ ಕೆಲಸ ಒಂದುಂಟು. ಎರಡು ಮೀಟರ್ ಹಗ್ಗ ತಗೊಂಡು ಬೌಲೈನ್ ಗಂಟು ಕಲೀರಿ: ಸಣ್ಣ ಕುಣಿಕೆ ಮಾಡಿ, ತುದಿಯನ್ನು ಅದರ ಕೆಳಗಿಂದ ಮೇಲೆ ತನ್ನಿ, ಉದ್ದ ಹಗ್ಗದ ಹಿಂದಿಂದ ಸುತ್ತಿಸಿ, ಅದೇ ಕುಣಿಕೆಯೊಳಗೆ ವಾಪಸ್ ಕೆಳಗೆ ಹಾಕಿ ಎಳೀರಿ. ಭಾರ ಬಿದ್ರೂ ಜಾರೋದಿಲ್ಲ, ಭಾರ ಇಳಿದ ಮೇಲೆ ಸುಲಭವಾಗಿ ಬಿಚ್ಚಬಹುದು. ಕಣ್ಣು ಬಿಟ್ಕೊಂಡು ಕಟ್ಲಿಕ್ಕೆ ಬಂದ ಮೇಲೆ ಕಣ್ಣು ಮುಚ್ಚಿ ಕಟ್ಟಿ, ಆಮೇಲೆ ಸ್ವಂತ ಸೊಂಟಕ್ಕೆ ಒಂದೇ ಕೈಯಲ್ಲಿ, ಆಮೇಲೆ ಹಗ್ಗ ಒದ್ದೆ ಮಾಡಿ ಒದ್ದೆ ಕೈಯಲ್ಲಿ. ರಾತ್ರಿ ಎರಡು ಗಂಟೆಗೆ ಮಳೆಯಲ್ಲಿ ಡೆಕ್ಕಲ್ಲಿ ಅದನ್ನು ಕಟ್ಲಿಕ್ಕೆ ಹೇಳಿದಾಗ ಟಾರ್ಚ್ ಹಿಡಿಯೋರು ಯಾರೂ ಇರೋದಿಲ್ಲ.